ಲಾರಿಯೇರಿದ ಕ್ಷಿಪಣಿ: ಬಲವೂ ಅಲ್ಲೇ, ಅಪಾಯವೂ ಅಲ್ಲೇ

ಶೀಳನೆರೆ (ಕೆ.ಆರ್. ಪೇಟೆ ತಾಲ್ಲೂಕು): ಒಡಿಶಾ ಕರಾವಳಿಯಲ್ಲಿ 2025ರ ಡಿಸೆಂಬರ್ 31ರಂದು ಡಿಆರ್‌ಡಿಒ ಎರಡು ‘ಪ್ರಳಯ’ ಕ್ಷಿಪಣಿಗಳನ್ನು ಒಂದರ ಬೆನ್ನಿಗೆ ಒಂದರಂತೆ ಹಾರಿಸಿತು. ಇಂತಹ ಪರೀಕ್ಷೆ ನಡೆದಾಗಲೆಲ್ಲ ಚರ್ಚೆಯಾಗುವುದು ವ್ಯಾಪ್ತಿ ಎಷ್ಟು, ವೇಗ ಎಷ್ಟು, ಶತ್ರುವಿನ ಯಾವ ನಗರ ಅದಕ್ಕೆ ಎಟಕುತ್ತದೆ ಎಂಬ ಸಂಗತಿ. ಈ ಬಾರಿ ಗಮನಿಸಬೇಕಾಗಿದ್ದುದು ಬೇರೆ. ಎರಡೂ ಕ್ಷಿಪಣಿಗಳು ಚಿಮ್ಮಿದ್ದು ಒಂದೇ ವಾಹನದಿಂದ.

ರಸ್ತೆಯ ಮೇಲೆ ಸಂಚರಿಸುವ ಅಲ್ಪ ವ್ಯಾಪ್ತಿಯ ಬ್ಯಾಲಿಸ್ಟಿಕ್ ಕ್ಷಿಪಣಿಗಳ ಇತಿಹಾಸವನ್ನು ತಿರುವಿ ಹಾಕಿದರೆ ಮತ್ತೆ ಮತ್ತೆ ಎದುರಾಗುವ ಸತ್ಯ ಒಂದಿದೆ. ಕ್ಷಿಪಣಿಗಿಂತ ಅದನ್ನು ಹೊತ್ತ ಲಾರಿಯೇ ಮುಖ್ಯ. ಸಾಮಾನ್ಯವಾಗಿ 1000 ಕಿ.ಮೀ. ಒಳಗಿನ ವ್ಯಾಪ್ತಿಯ ಕ್ಷಿಪಣಿಗಳನ್ನು ಈ ವರ್ಗಕ್ಕೆ ಸೇರಿಸಲಾಗುತ್ತದೆ. ಇವುಗಳ ಗುರಿ ಹತ್ತಿರದ್ದು. ಆದ್ದರಿಂದ ಇವು ನಿಲ್ಲುವ ಜಾಗವೂ ಶತ್ರುವಿಗೆ ಹತ್ತಿರದ್ದು. ಒಂದೇ ಕಡೆ ನಿಂತರೆ ಮೊದಲ ದಿನವೇ ನಾಶವಾಗುತ್ತವೆ. ಉಳಿಯಬೇಕೆಂದರೆ ಓಡಬೇಕು, ಅಡಗಬೇಕು, ಹೊಡೆದ ಕೂಡಲೇ ಜಾಗ ಖಾಲಿ ಮಾಡಬೇಕು.

ಲೆಕ್ಕಕ್ಕೆಂದು ಶೀಳನೆರೆಯನ್ನೇ ತೆಗೆದುಕೊಳ್ಳಬಹುದು. ಈ ಹೋಬಳಿ ಕೇಂದ್ರದಿಂದ ಉಡಾವಣಾ ವಾಹನವೊಂದು ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೊರಟಿತೆಂದು ಭಾವಿಸಿದರೆ ಅರ್ಧ ಗಂಟೆಯ ನಂತರ ಅದು 20 ಕಿ.ಮೀ. ತ್ರಿಜ್ಯದ ವೃತ್ತದೊಳಗೆ ಎಲ್ಲಿ ಬೇಕಾದರೂ ಇರಬಹುದು. ಆ ವೃತ್ತದ ವಿಸ್ತೀರ್ಣ ಸುಮಾರು 1256 ಚದರ ಕಿ.ಮೀ., ಅಂದರೆ ಮಂಡ್ಯ ಜಿಲ್ಲೆಯ ಕಾಲು ಭಾಗ. ಒಂದು ಗಂಟೆ ಕಳೆದರೆ ಹುಡುಕಬೇಕಾದ ಪ್ರದೇಶ 5026 ಚದರ ಕಿ.ಮೀ.ಗೆ ಏರುತ್ತದೆ. ಇಡೀ ಮಂಡ್ಯ ಜಿಲ್ಲೆಯ ವಿಸ್ತೀರ್ಣವೇ 4961 ಚದರ ಕಿ.ಮೀ. ರಸ್ತೆಗಳು ನೇರವಾಗಿಲ್ಲ, ಭಾರೀ ವಾಹನ ಎಲ್ಲ ದಾರಿಯಲ್ಲೂ ಹೋಗಲಾರದು ಎಂಬುದು ನಿಜ. ಆದರೂ ಆಳೆತ್ತರದ ಕಬ್ಬಿನ ಗದ್ದೆ, ತೆಂಗಿನ ತೋಟ, ಸೇತುವೆಯ ಕೆಳಗಿನ ನೆರಳು, ಸಾಲುಗಟ್ಟಿದ ಲಾರಿಗಳ ನಡುವೆ ಒಂದು ವಾಹನವನ್ನು ಆಕಾಶದಿಂದ ಗುರುತಿಸುವುದು ಎಷ್ಟು ಕಷ್ಟ ಎಂಬುದನ್ನು ಈ ಭಾಗದ ರಸ್ತೆಗಳಲ್ಲಿ ಓಡಾಡಿದವರಿಗೆ ವಿವರಿಸಬೇಕಿಲ್ಲ.

ಪಟ್ಟಣದ ಬಾಣಗಳು

ಶೀಳನೆರೆಯಿಂದ ಪಾಂಡವಪುರದ ದಾರಿ ಹಿಡಿದು ಹೋದರೆ ಸಿಗುವ ಶ್ರೀರಂಗಪಟ್ಟಣಕ್ಕೆ ಈ ಇತಿಹಾಸದಲ್ಲಿ ಸ್ವಂತ ಸ್ಥಾನವಿದೆ. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಸೇನೆ ಬಳಸಿದ ರಾಕೆಟ್‌ಗಳನ್ನು ‘ಜಗತ್ತಿನ ಮೊದಲ ಕ್ಷಿಪಣಿ’ ಎಂದು ಭಾಷಣಗಳಲ್ಲಿ ಹೊಗಳುವುದುಂಟು. ಅದು ಉತ್ಪ್ರೇಕ್ಷೆ. ರಾಕೆಟ್ ಬಳಕೆ ಚೀನಾದಲ್ಲಿ ಅದಕ್ಕಿಂತ ಶತಮಾನಗಳಷ್ಟು ಹಿಂದಿನದು. ಮೈಸೂರಿನ ಬಾಣಗಳಿಗೆ ಹಾರಾಟದ ನಡುವೆ ದಾರಿ ತೋರುವ ಯಾವ ಉಪಾಯವೂ ಇರಲಿಲ್ಲ. ಮೈಸೂರಿನ ನಿಜವಾದ ಸಾಧನೆ ಕಬ್ಬಿಣದ ಕೊಳವೆ. ಬಿದಿರು ಅಥವಾ ಕಾಗದದ ಕೊಳವೆ ತಾಳಲಾರದ ಒತ್ತಡವನ್ನು ಬಡಿದು ಹದಗೊಳಿಸಿದ ಕಬ್ಬಿಣ ತಾಳಿಕೊಂಡಿತು. ಮದ್ದನ್ನು ಬಿಗಿಯಾಗಿ ತುಂಬಲು ಸಾಧ್ಯವಾಯಿತು, ದೂರ ಹೆಚ್ಚಿತು. ಸುಮಾರು ಗೇಣುದ್ದದ ಕೊಳವೆಗೆ ಉದ್ದನೆಯ ಬಿದಿರಿನ ಗಳು ಕಟ್ಟಿ ಹಾರಿಸಿದರೆ ಅದು ಎರಡು ಕಿ.ಮೀ.ವರೆಗೆ ಹೋಗುತ್ತಿತ್ತು. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಪ್ರಕಟಿಸಿದ ಅಧ್ಯಯನ ಈ ತಾಂತ್ರಿಕತೆಯನ್ನು ಸಮಚಿತ್ತದಿಂದ ವಿವರಿಸಿದೆ. ಟಿಪ್ಪು ಜಯಂತಿಯ ಪರ ಮತ್ತು ವಿರೋಧದ ಗದ್ದಲದಲ್ಲಿ ಆ ಅಧ್ಯಯನವನ್ನು ಎರಡೂ ಕಡೆಯವರು ಓದಿದಂತೆ ಕಾಣುವುದಿಲ್ಲ.

ಅದಕ್ಕಿಂತಲೂ ಇಂದಿಗೆ ಪ್ರಸ್ತುತವಾದುದು ಆ ಬಾಣಗಳನ್ನು ಬಳಸಿದ ರೀತಿ. ಪ್ರತಿ ಕುಶೂನ್, ಅಂದರೆ ದಳಕ್ಕೆ ಇನ್ನೂರು ಮಂದಿ ಬಾಣಗಾರರನ್ನು ನೇಮಿಸಲಾಗುತ್ತಿತ್ತು. ಒಬ್ಬನೇ ಹೊತ್ತು ಓಡಬಹುದಾದ ಅಸ್ತ್ರವದು. ಹಲವು ಬಾಣಗಳನ್ನು ಒಟ್ಟಿಗೆ ಹಾರಿಸುವ ಗಾಲಿ ಬಂಡಿಗಳೂ ಇದ್ದವು. ಫಿರಂಗಿಯನ್ನು ಎಳೆಯಲು ಎತ್ತುಗಳ ಸಾಲು ಬೇಕು, ನಿಲ್ಲಿಸಲು ಸಮತಟ್ಟು ನೆಲ ಬೇಕು. ಬಾಣಗಾರನಿಗೆ ಒಂದು ಬದು ಸಾಕು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಬಳಿ ಸುಲ್ತಾನ್‌ಪೇಟೆ ತೋಪಿಗೆ ನುಗ್ಗಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಪಡೆ ಕತ್ತಲಲ್ಲಿ ಬಾಣ ಮತ್ತು ಬಂದೂಕುಗಳ ಸುರಿಮಳೆಗೆ ಸಿಕ್ಕಿ ಚದುರಿಹೋಯಿತು. ಮುಂದೆ ವಾಟರ್‌ಲೂ ಕದನದಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಸೇನಾನಿ ಈತನೇ. ಆತ ಎದುರಿಸಿದ್ದು ಎಲ್ಲಿಂದ ಬರುತ್ತಿದೆ ಎಂದು ತಿಳಿಯದ ಬೆಂಕಿಯನ್ನು. ಮರುದಿನ ಹಗಲಿನಲ್ಲಿ ಅದೇ ತೋಪು ಸುಲಭವಾಗಿ ಆಂಗ್ಲರ ಕೈಸೇರಿತು. ಕಾಣಿಸಿಕೊಂಡ ಬಾಣಗಾರನಿಗೆ ರಾತ್ರಿಯ ಬಲ ಉಳಿದಿರಲಿಲ್ಲ.

ಒಂದು ತಿಂಗಳೊಳಗೆ ಕಥೆ ತಿರುಗಿತು. ಮೇ 2ರಂದು ಆಂಗ್ಲರ ಗುಂಡೊಂದು ಕೋಟೆಯೊಳಗಿನ ಬಾಣಗಳ ಉಗ್ರಾಣಕ್ಕೆ ತಗುಲಿ ಭಾರೀ ಸ್ಫೋಟ ಸಂಭವಿಸಿತು. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಮಡಿದ. ಆ ಬಳಿಕ ಕೋಟೆಯಲ್ಲಿ ಸಿಕ್ಕಿದ್ದು ಬಳಕೆಗೆ ಸಿದ್ಧವಾಗಿದ್ದ 700 ರಾಕೆಟ್‌ಗಳು ಮತ್ತು 9000 ಖಾಲಿ ಕೊಳವೆಗಳು ಎಂಬ ಲೆಕ್ಕವನ್ನು ಇತಿಹಾಸಕಾರರು ಕೊಡುತ್ತಾರೆ. ಬಯಲಿನಲ್ಲಿ ಸೇನೆಯನ್ನೇ ಕಾಡಿದ ಅಸ್ತ್ರ ಗೋಡೆಗಳ ನಡುವೆ ದಾಸ್ತಾನಾಗಿ ಕುಳಿತಾಗ ತನ್ನವರಿಗೇ ಮುಳುವಾಯಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಬತ್ತಿದ ಬಾವಿಯೊಂದರಿಂದ ಪುರಾತತ್ವ ಇಲಾಖೆ ಹೊರತೆಗೆದ ಸಾವಿರದಷ್ಟು ರಾಕೆಟ್‌ಗಳೂ ಹಾರದೆ ಉಳಿದವೇ. ಶ್ರೀರಂಗಪಟ್ಟಣದಲ್ಲಿ ಜೋಡಿ ರೈಲು ಮಾರ್ಗಕ್ಕಾಗಿ ಟಿಪ್ಪು ಕಾಲದ ಸುಮಾರು ಸಾವಿರ ಟನ್ ತೂಕದ ಮದ್ದಿನ ಮನೆಯೊಂದನ್ನು 2017ರಲ್ಲಿ ಇಡಿಯಾಗಿ ಎತ್ತಿ ನೂರಕ್ಕೂ ಹೆಚ್ಚು ಮೀಟರ್ ದೂರಕ್ಕೆ ಸರಿಸಲಾಯಿತು. ಮದ್ದಿನ ಮನೆಗೆ ಚಲಿಸುವ ಯೋಗ ಬಂದದ್ದು ಯುದ್ಧ ಮುಗಿದು 218 ವರ್ಷಗಳಾದ ಮೇಲೆ.

ಸೋತವರ ಬಾಣವನ್ನು ಗೆದ್ದವರು ಬ್ರಿಟನ್ನಿಗೆ ಒಯ್ದರು. ವಿಲಿಯಂ ಕಾಂಗ್ರೀವ್ ಅದನ್ನು ಸುಧಾರಿಸಿದ. 1807ರಲ್ಲಿ ಕೋಪನ್‌ಹೇಗನ್ ನಗರ ಆ ರಾಕೆಟ್‌ಗಳಿಂದ ಹೊತ್ತಿ ಉರಿಯಿತು.

ಹುಡುಕಿದರೂ ಸಿಗದ ವಾಹನ

ಆಧುನಿಕ ಅರ್ಥದ ಮೊದಲ ಬ್ಯಾಲಿಸ್ಟಿಕ್ ಕ್ಷಿಪಣಿಯೂ ಲಾರಿಯ ಆಶ್ರಯದಲ್ಲೇ ಬೆಳೆಯಿತು. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ತನ್ನ ವಿ-2 ಕ್ಷಿಪಣಿಗಾಗಿ ಫ್ರಾನ್ಸ್‌ನ ಕರಾವಳಿಯಲ್ಲಿ ಭಾರೀ ಕಾಂಕ್ರೀಟ್ ನೆಲೆಗಳನ್ನು ಕಟ್ಟಲು ಹೊರಟಿತ್ತು. ಮಿತ್ರಪಡೆಗಳ ವಿಮಾನಗಳು ಅವುಗಳನ್ನು ಗುರುತಿಸಿ ಪುಡಿಗಟ್ಟಿದವು. ಕ್ಷಿಪಣಿಯನ್ನು ಟ್ರೈಲರ್‌ಗಳ ಮೇಲೆ ಹೇರಿ ಹಾಲೆಂಡಿನ ಹೇಗ್ ನಗರದ ಸುತ್ತಲಿನ ಮರಗಳ ಮರೆಗೆ ಒಯ್ದ ಮೇಲೆ ಪರಿಸ್ಥಿತಿ ಬದಲಾಯಿತು. 1944ರ ಸೆಪ್ಟೆಂಬರ್ 8ರಿಂದ ಆರಂಭವಾಗಿ ಮೂರು ಸಾವಿರಕ್ಕೂ ಹೆಚ್ಚು ವಿ-2ಗಳು ಹಾರಿದವು. ಆಕಾಶದ ಮೇಲೆ ಪೂರ್ಣ ಹಿಡಿತವಿದ್ದರೂ ಆ ಉಡಾವಣಾ ತಂಡಗಳನ್ನು ಹಿಡಿಯುವುದು ಮಿತ್ರಪಡೆಗಳಿಗೆ ಸಾಧ್ಯವಾಗಲಿಲ್ಲ.

ಅದೇ ಪಾಠ 1991ರ ಕೊಲ್ಲಿ ಯುದ್ಧದಲ್ಲಿ ಮರುಕಳಿಸಿತು. ಇರಾಕ್ ಬಳಿ ಇದ್ದದ್ದು ಸೋವಿಯತ್ ಮೂಲದ ಹಳೆಯ ಸ್ಕಡ್ ಕ್ಷಿಪಣಿಯ ಪರಿಷ್ಕೃತ ರೂಪ. ಗುರಿಯಲ್ಲಿ ನಿಖರತೆ ಇಲ್ಲದ, ಹಾರುವಾಗಲೇ ಕೆಲವೊಮ್ಮೆ ತುಂಡಾಗುತ್ತಿದ್ದ ಅಸ್ತ್ರ. ಅದರ ಲಾರಿಗಳನ್ನು ಬೇಟೆಯಾಡಲು ಅಮೆರಿಕ ನೇತೃತ್ವದ ಪಡೆಗಳು ಸಾವಿರಾರು ಹಾರಾಟ ನಡೆಸಿದವು, ಮರುಭೂಮಿಯಲ್ಲಿ ಕಮಾಂಡೊಗಳನ್ನು ಇಳಿಸಿದವು. ಯುದ್ಧಾನಂತರ ಅಮೆರಿಕವೇ ನಡೆಸಿದ ಸಮೀಕ್ಷೆಯಲ್ಲಿ ಒಂದೇ ಒಂದು ಸಂಚಾರಿ ಉಡಾವಣಾ ವಾಹನ ನಾಶವಾದದ್ದಕ್ಕೂ ಖಚಿತ ಪುರಾವೆ ದೊರೆಯಲಿಲ್ಲ. ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಸ್ಕಡ್ ಒಂದು ಬಿದ್ದು 28 ಅಮೆರಿಕನ್ ಸೈನಿಕರು ಸತ್ತರು. ಅದನ್ನು ತಡೆಯಬೇಕಿದ್ದ ಪೇಟ್ರಿಯಟ್ ವ್ಯವಸ್ಥೆಯ ಕಂಪ್ಯೂಟರ್ ನೂರು ಗಂಟೆ ಸತತವಾಗಿ ಓಡಿ ಸಮಯದ ಲೆಕ್ಕದಲ್ಲಿ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಪ್ಪಿತ್ತು. ಸಾಫ್ಟ್‌ವೇರ್ ಬಲ್ಲ ಬೆಂಗಳೂರಿಗರಿಗೆ ಆ ತಪ್ಪಿನ ಮೂಲ ಹೊಸದೇನಲ್ಲ. ದಶಮಾಂಶದ 0.1 ಎಂಬ ಸಂಖ್ಯೆಯನ್ನು ದ್ವಿಮಾನ ಪದ್ಧತಿಯಲ್ಲಿ ಪೂರ್ಣವಾಗಿ ಬರೆಯಲು ಆಗುವುದಿಲ್ಲ.

ಲಾರಿ ಇಂದಿಗೂ ಅಷ್ಟೇ ಸುರಕ್ಷಿತವೇ? ಉತ್ತರ ಮೊದಲಿನಷ್ಟು ಸರಳವಾಗಿಲ್ಲ. ಗಂಟೆಗಟ್ಟಲೆ ಒಂದೇ ಕಡೆ ಸುತ್ತುವ ಡ್ರೋನ್‌ಗಳು, ಮೋಡದಾಚೆಗೂ ನೋಡಬಲ್ಲ ರೇಡಾರ್ ಉಪಗ್ರಹಗಳು ಬಂದಿವೆ. 2025ರ ಜೂನ್‌ನಲ್ಲಿ ಇರಾನ್ ಜೊತೆ ನಡೆದ 12 ದಿನಗಳ ಸಮರದಲ್ಲಿ ಆ ದೇಶದ ಉಡಾವಣಾ ವಾಹನಗಳ ಅರ್ಧದಷ್ಟನ್ನು ನಾಶಪಡಿಸಿದ್ದಾಗಿ ಇಸ್ರೇಲ್ ಹೇಳಿಕೊಂಡಿತು. ಆ ಅಂಕಿಯನ್ನು ಪೂರ್ತಿ ನಂಬಬೇಕಿಲ್ಲ. ಆದರೆ 1991ರ ಸೊನ್ನೆಯಿಂದ ಲೆಕ್ಕ ಮೇಲೇರಿದೆ ಎಂಬುದರಲ್ಲಿ ಅನುಮಾನವಿಲ್ಲ. ಇನ್ನೊಂದೆಡೆ, 2022ರ ಫೆಬ್ರವರಿಯಿಂದ ಉಕ್ರೇನ್ ನಗರಗಳ ಮೇಲೆ ಬೀಳುತ್ತ ಬಂದ ರಷ್ಯಾದ ಇಸ್ಕಂದರ್ ಕ್ಷಿಪಣಿಗಳೂ, 2023ರ ಅಕ್ಟೋಬರ್‌ನಿಂದ ಉಕ್ರೇನ್ ಪ್ರಯೋಗಿಸಿದ ಅಮೆರಿಕದ ಅಟ್ಯಾಕಮ್ಸ್ ಕ್ಷಿಪಣಿಗಳೂ ಹಾರಿದ್ದು ಇಂತಹ ವಾಹನಗಳಿಂದಲೇ.

ಪೃಥ್ವಿಯ ಪರಿವಾರ, ಕೆಜಿಎಫ್‌ನ ಗಾಲಿ

ಭಾರತದ ಕಥೆ ಆರಂಭವಾಗುವುದು 1983ರಲ್ಲಿ. ಎ.ಪಿ.ಜೆ. ಅಬ್ದುಲ್ ಕಲಾಂ ಅವರ ನೇತೃತ್ವದ ಸಮಗ್ರ ಕ್ಷಿಪಣಿ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಮೊದಲು ಹಾರಿದ ಬ್ಯಾಲಿಸ್ಟಿಕ್ ಕ್ಷಿಪಣಿ ಪೃಥ್ವಿ. 1988ರ ಫೆಬ್ರವರಿ 25ರಂದು ಶ್ರೀಹರಿಕೋಟಾದಿಂದ ಅದರ ಮೊದಲ ಪರೀಕ್ಷೆ ನಡೆಯಿತು. ಸೇನೆಗೆಂದು ರೂಪಿಸಿದ ಪೃಥ್ವಿ-1ರ ವ್ಯಾಪ್ತಿ 150 ಕಿ.ಮೀ., ಸಿಡಿತಲೆಯ ಭಾರ ಒಂದು ಟನ್. ಶ್ರೀರಂಗಪಟ್ಟಣದಲ್ಲಿ ನಿಲ್ಲಿಸಿದರೆ ಬೆಂಗಳೂರನ್ನು ದಾಟುವಷ್ಟು ದೂರ. ಟಿಪ್ಪುವಿನ ಬಾಣಕ್ಕೆ ಹೋಲಿಸಿದರೆ ಎಪ್ಪತ್ತು ಪಟ್ಟಿಗೂ ಹೆಚ್ಚು.

ಆದರೆ ಪೃಥ್ವಿಗೆ ಒಂದು ಜನ್ಮದೋಷವಿತ್ತು. ಅದು ದ್ರವ ಇಂಧನದ ಕ್ಷಿಪಣಿ. ಆ ಇಂಧನ ವಿಷಕಾರಿ, ಅದನ್ನು ಉರಿಸುವ ಆಮ್ಲ ಲೋಹವನ್ನೇ ತಿನ್ನುವಂಥದ್ದು. ಹೀಗಾಗಿ ಕ್ಷಿಪಣಿಯ ಜೊತೆಗೆ ಇಂಧನದ ಟ್ಯಾಂಕರ್, ಕ್ರೇನ್, ನಿಯಂತ್ರಣ ವಾಹನ ಹೀಗೆ ಮದುವೆ ದಿಬ್ಬಣದಂತೆ ಸಾಲು ವಾಹನಗಳು ಹೊರಡಬೇಕು. ಅಡಗಬೇಕಾದ ಅಸ್ತ್ರಕ್ಕೆ ದಿಬ್ಬಣ ಶೋಭಿಸುವುದಿಲ್ಲ. 2011ರ ಜುಲೈನಲ್ಲಿ ಪರೀಕ್ಷೆಗೊಂಡ ‘ಪ್ರಹಾರ’ ಮತ್ತು 2021ರ ಡಿಸೆಂಬರ್ 22ರಂದು ಮೊದಲು ಹಾರಿದ ‘ಪ್ರಳಯ’ ಘನ ಇಂಧನದವು. ತಯಾರಾಗಿಯೇ ಲಾರಿ ಏರುತ್ತವೆ, ನಿಂತ ಕೆಲವೇ ನಿಮಿಷಗಳಲ್ಲಿ ಹಾರಲು ಸಿದ್ಧವಾಗುತ್ತವೆ. ಪ್ರಳಯದ ವ್ಯಾಪ್ತಿ 150ರಿಂದ 500 ಕಿ.ಮೀ. ಅದು ಎಸೆದ ಕಲ್ಲಿನಂತೆ ಒಂದೇ ಬಾಗಿನಲ್ಲಿ ಬೀಳದೆ ದಾರಿಯಲ್ಲಿ ತಿರುವು ತೆಗೆದುಕೊಳ್ಳಬಲ್ಲದು; ತಡೆಯುವವನಿಗೆ ಅದರ ಮುಂದಿನ ಜಾಗವನ್ನು ಊಹಿಸುವುದು ಕಷ್ಟ.

ಈ ವಾಹನಗಳ ಕಥೆಯಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ, ಪೂರ್ತಿ ಹೆಮ್ಮೆಪಡುವಂಥದ್ದೂ ಅಲ್ಲ. ಪೃಥ್ವಿಯನ್ನು ಹೊತ್ತದ್ದು ಎಂಟು ಗಾಲಿಗಳ ಟಾಟ್ರಾ ಲಾರಿ. ಚೆಕೊಸ್ಲೊವಾಕಿಯಾ ಮೂಲದ ಆ ಲಾರಿಯನ್ನು 1986ರ ಒಪ್ಪಂದದ ಅನ್ವಯ ಇಲ್ಲಿ ತಯಾರಿಸಿ ಸೇನೆಗೆ ಒದಗಿಸಿದ್ದು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ, ಕೋಲಾರದ ಕೆಜಿಎಫ್‌ನಲ್ಲಿ ಕಾರ್ಖಾನೆ ಹೊಂದಿರುವ ಸಾರ್ವಜನಿಕ ಉದ್ಯಮ ಬಿಇಎಂಎಲ್. ಕಾಲು ಶತಮಾನ ಕಳೆದರೂ ಸ್ವದೇಶೀಕರಣ ಪೂರ್ಣವಾಗಿಲ್ಲ ಎಂಬ ಟೀಕೆ ಇತ್ತು. 2012ರ ಮಾರ್ಚ್‌ನಲ್ಲಿ ಅಂದಿನ ಭೂಸೇನಾ ಮುಖ್ಯಸ್ಥ ಜನರಲ್ ವಿ.ಕೆ. ಸಿಂಗ್ ಅವರು 600 ವಾಹನಗಳ ಖರೀದಿಗೆ ಒಪ್ಪಿಗೆ ನೀಡಲು ತಮಗೆ 14 ಕೋಟಿ ರೂಪಾಯಿ ಲಂಚದ ಆಮಿಷ ಒಡ್ಡಲಾಗಿತ್ತು ಎಂದು ಬಹಿರಂಗಪಡಿಸಿದಾಗ ಸಂಸತ್ತಿನಲ್ಲಿ ಕೋಲಾಹಲವೆದ್ದಿತು, ಸಿಬಿಐ ತನಿಖೆ ಆರಂಭವಾಯಿತು. ಕ್ಷಿಪಣಿಯ ತಂತ್ರಜ್ಞಾನವನ್ನು ಯಾವ ದೇಶವೂ ಕೊಡದಿದ್ದಾಗ ಸ್ವಂತವಾಗಿ ಸಾಧಿಸಿದ ರಾಷ್ಟ್ರ ಅದನ್ನು ಹೊರುವ ಲಾರಿಗೆ ಮಾತ್ರ ಹೊರಗಿನವರ ಕಡೆ ನೋಡುತ್ತಿದ್ದುದು ವಿಚಿತ್ರ. ಆ ಬಳಿಕ ದೇಶೀಯ ಭಾರೀ ವಾಹನಗಳತ್ತ ಒಲವು ಹೆಚ್ಚಿದ್ದರಲ್ಲಿ ಈ ಹಗರಣದ ಪಾತ್ರವೂ ಇದೆ.

ಒಂದು ಲಾರಿ ಎಲ್ಲಿ ನಿಂತಿದೆ ಎಂಬುದೇ ರಾಜತಾಂತ್ರಿಕ ಬಿಕ್ಕಟ್ಟಾಗಬಹುದು ಎಂಬುದನ್ನು ಭಾರತ 1997ರಲ್ಲಿ ಕಂಡಿತು. ಪೃಥ್ವಿ ಕ್ಷಿಪಣಿಗಳನ್ನು ಪಂಜಾಬಿನ ಜಲಂಧರ್ ಬಳಿಗೆ ಸಾಗಿಸಲಾಗಿದೆ ಎಂದು ಅಮೆರಿಕದ ಪತ್ರಿಕೆಯೊಂದು ಆ ವರ್ಷದ ಜೂನ್‌ನಲ್ಲಿ ವರದಿ ಮಾಡಿತು. ಅವು ನಿಯೋಜನೆಗೊಂಡಿಲ್ಲ ಎಂಬುದು ದೆಹಲಿಯ ಉತ್ತರ. ಐ.ಕೆ. ಗುಜ್ರಾಲ್ ಸರ್ಕಾರ ನೆರೆಯ ದೇಶದೊಂದಿಗೆ ಮಾತುಕತೆಗೆ ಯತ್ನಿಸುತ್ತಿದ್ದ ಹೊತ್ತದು. ಉಗ್ರಾಣಕ್ಕೂ ನಿಯೋಜನೆಗೂ ನಡುವೆ ಇರುವ ವ್ಯತ್ಯಾಸ ಕೇವಲ ಒಂದು ರಾತ್ರಿಯ ಪ್ರಯಾಣ ಎಂಬುದು ಎರಡೂ ಕಡೆಗೆ ಗೊತ್ತಿತ್ತು.

ಸಿಡಿತಲೆ ಯಾವುದು?

ಪೃಥ್ವಿಯನ್ನು ಭಾರತ ಇದುವರೆಗೆ ಯಾವ ಸಮರದಲ್ಲೂ ಪ್ರಯೋಗಿಸಿಲ್ಲ. ಕಾರ್ಗಿಲ್‌ನಲ್ಲಿ ಇಲ್ಲ, 2025ರ ಮೇ ತಿಂಗಳ ಸಂಘರ್ಷದಲ್ಲೂ ಇಲ್ಲ. ಪೃಥ್ವಿ-2 ಅಣ್ವಸ್ತ್ರವನ್ನು ಹೊರಬಲ್ಲದು ಎಂಬ ಸಂಗತಿಯೇ ಅದಕ್ಕೆ ದೊಡ್ಡ ಅಡ್ಡಿಯಾಗಿದ್ದಿರಬೇಕು. ಅದು ಹಾರಿದರೆ ಎದುರಾಳಿಯ ರೇಡಾರ್ ಪರದೆಯ ಮೇಲೆ ಕಾಣುವುದು ಒಂದು ಚುಕ್ಕೆ ಮಾತ್ರ. ಅದರ ತಲೆಯಲ್ಲಿ ಸಾಮಾನ್ಯ ಸ್ಫೋಟಕವಿದೆಯೋ ಅಣುಬಾಂಬ್ ಇದೆಯೋ ಎಂಬುದನ್ನು ಆ ಚುಕ್ಕೆ ಹೇಳುವುದಿಲ್ಲ. ಯೋಚಿಸಲು ಸಿಗುವ ಸಮಯ ಐದಾರು ನಿಮಿಷ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವೆ ಕ್ಷಿಪಣಿ ಹಾರಲು ಅರ್ಧ ಗಂಟೆ ಬೇಕಿತ್ತು. ಭಾರತ ಮತ್ತು ಪಾಕಿಸ್ತಾನದ ನಡುವೆ ಆ ಅಂತರವಿಲ್ಲ.

ಪಾಕಿಸ್ತಾನ 2011ರಲ್ಲಿ ‘ನಸ್ರ್’ ಎಂಬ 60 ಕಿ.ಮೀ. ವ್ಯಾಪ್ತಿಯ, ಅಣ್ವಸ್ತ್ರ ಹೊರಬಲ್ಲ ಸಂಚಾರಿ ಕ್ಷಿಪಣಿಯನ್ನು ಪರೀಕ್ಷಿಸಿ ಈ ಗೊಂದಲವನ್ನು ಗಡಿಯ ಅಂಚಿಗೇ ತಂದಿತು. 2025ರ ಮೇ 10ರಂದು ಅದು ಸಾಮಾನ್ಯ ಸಿಡಿತಲೆಯ ‘ಫತಾ’ ಸರಣಿಯ ಕ್ಷಿಪಣಿಗಳನ್ನು ಭಾರತದತ್ತ ಹಾರಿಸಿದ್ದಾಗಿ ಘೋಷಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಪ್ರಧಾನಿ ಶಹಬಾಜ್ ಷರೀಫ್ ಅವರು ಸೇನೆಯಲ್ಲಿ ಪ್ರತ್ಯೇಕ ರಾಕೆಟ್ ಪಡೆಯ ಕಮಾಂಡ್ ಸ್ಥಾಪಿಸುವುದಾಗಿ ಪ್ರಕಟಿಸಿದರು. ಚೀನಾದಲ್ಲಿ ಇಂತಹ ಪಡೆ ಮೊದಲಿನಿಂದಲೇ ಇದೆ. ಭಾರತಕ್ಕೂ ಬೇಕು ಎಂಬ ಒತ್ತಾಯ ದೆಹಲಿಯ ಸೇನಾ ವಲಯದಲ್ಲಿ ಬಲವಾಗಿದೆ.

ಆ ಒತ್ತಾಯದಲ್ಲಿ ಅರ್ಥವಿದೆ. ವಿಮಾನ ಕಳುಹಿಸಿದರೆ ಪೈಲಟ್ ಸೆರೆಯಾಗುವ ಅಪಾಯವುಂಟು, 2019ರ ಫೆಬ್ರವರಿಯಲ್ಲಿ ಅದು ಸಂಭವಿಸಿತು. ಪ್ರಳಯ ಸಾಮಾನ್ಯ ಸಿಡಿತಲೆಗೆಂದೇ ರೂಪುಗೊಂಡ ಕ್ಷಿಪಣಿ. ಅಣ್ವಸ್ತ್ರದ ಹಣೆಪಟ್ಟಿ ಇಲ್ಲದೆ ನೂರಾರು ಕಿ.ಮೀ. ಒಳಗಿನ ಗುರಿಯನ್ನು ಹೊಡೆಯಬಲ್ಲ ಸಾಧನ. ಆದರೆ ಈ ಹಣೆಪಟ್ಟಿಯನ್ನು ಎದುರಾಳಿ ಓದಬೇಕಲ್ಲ? 2025ರ ಜುಲೈ 17ರಂದು ಅಣ್ವಸ್ತ್ರ ಹೊರಬಲ್ಲ ಪೃಥ್ವಿ-2, ಜುಲೈ 28 ಮತ್ತು 29ರಂದು ಪ್ರಳಯ ಪರೀಕ್ಷೆಗೊಂಡವು. ಎರಡೂ ಹಾರಿದ್ದು ಒಡಿಶಾ ಕರಾವಳಿಯಿಂದಲೇ, ನಡುವೆ ಇದ್ದದ್ದು ಹನ್ನೊಂದು ದಿನ. ಪೃಥ್ವಿ ಇರುವುದು 2003ರಲ್ಲಿ ರಚನೆಯಾದ ವ್ಯೂಹಾತ್ಮಕ ಪಡೆಗಳ ಕಮಾಂಡ್ ಅಧೀನದಲ್ಲಿ. ಪ್ರಳಯ ಸೇರಬೇಕಾದದ್ದು ಬೇರೆ ಅಧಿಕಾರ ಸರಣಿಗೆ. ಕಾಗದದ ಮೇಲೆ ಈ ಗೆರೆ ಸ್ಪಷ್ಟ. ಯುದ್ಧದ ರಾತ್ರಿ ಉಪಗ್ರಹ ಚಿತ್ರದಲ್ಲಿ ಕಾಣುವುದು ಮಾತ್ರ ಜಾಲರಿ ಹೊದಿಸಿದ ಉದ್ದನೆಯ ಲಾರಿ.

ಯಂತ್ರದ ಅಥವಾ ಮನುಷ್ಯನ ತಪ್ಪಿನ ಸಾಧ್ಯತೆಯೂ ಕಲ್ಪನೆಯದಲ್ಲ. 2022ರ ಮಾರ್ಚ್ 9ರಂದು ಭಾರತದ ಬ್ರಹ್ಮೋಸ್ ಕ್ಷಿಪಣಿಯೊಂದು ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾಂ ಚನ್ನು ಬಳಿ ಬಿತ್ತು. ಅದು ಬ್ಯಾಲಿಸ್ಟಿಕ್ ವರ್ಗದ್ದಲ್ಲ, ಸಿಡಿತಲೆ ಇರಲಿಲ್ಲ, ಜೀವಹಾನಿಯೂ ಆಗಲಿಲ್ಲ. ತನಿಖೆಯ ಬಳಿಕ ವಾಯುಪಡೆಯ ಮೂವರು ಅಧಿಕಾರಿಗಳನ್ನು ಸೇವೆಯಿಂದ ವಜಾಗೊಳಿಸಲಾಯಿತು. ಶಾಂತಿಯ ದಿನಗಳಾದ್ದರಿಂದ ಇಸ್ಲಾಮಾಬಾದ್ ವಿವರಣೆ ಕೇಳಿ ಸುಮ್ಮನಾಯಿತು. ಅದೇ ಘಟನೆ 2025ರ ಮೇ 9ರ ರಾತ್ರಿ ನಡೆದಿದ್ದರೆ ವಿವರಣೆ ಕೇಳುವಷ್ಟು ವ್ಯವಧಾನ ಇರುತ್ತಿತ್ತೇ ಎಂಬ ಪ್ರಶ್ನೆಯನ್ನು ಸಂಸತ್ತು ಗಂಭೀರವಾಗಿ ಚರ್ಚಿಸಬೇಕಿತ್ತು.

ಎರಡು ದೇಶಗಳ ನಡುವೆ ಈ ವಿಷಯದಲ್ಲಿ ಇರುವ ಒಪ್ಪಂದ 2005ರ ಅಕ್ಟೋಬರ್‌ನದು. 1999ರ ಲಾಹೋರ್ ತಿಳಿವಳಿಕೆ ಪತ್ರ ಅದಕ್ಕೆ ಬುನಾದಿ. ಅದರಂತೆ ನೆಲದಿಂದ ನೆಲಕ್ಕೆ ಚಿಮ್ಮುವ ಬ್ಯಾಲಿಸ್ಟಿಕ್ ಕ್ಷಿಪಣಿಯನ್ನು ಪರೀಕ್ಷಿಸುವ ಮುನ್ನ ಕನಿಷ್ಠ ಮೂರು ದಿನ ಮೊದಲೇ ಇನ್ನೊಂದು ದೇಶಕ್ಕೆ ತಿಳಿಸಬೇಕು. ಉಡಾವಣೆಯ ಸ್ಥಳ ಗಡಿಯಿಂದ 40 ಕಿ.ಮೀ., ಬೀಳುವ ಸ್ಥಳ 70 ಕಿ.ಮೀ. ಒಳಗೆ ಇರಕೂಡದು. ಕ್ರೂಸ್ ಕ್ಷಿಪಣಿಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಸಾಮಾನ್ಯ ಸಿಡಿತಲೆಯ ವಾಹನಗಳನ್ನು ಅಣ್ವಸ್ತ್ರದ ವಾಹನಗಳಿಂದ ಬೇರೆಯಾಗಿ ಇಡುವ, ಅದು ಎದುರಾಳಿಗೆ ಕಾಣುವಂತೆ ನೋಡಿಕೊಳ್ಳುವ ಯಾವ ಮಾತೂ ಅದರಲ್ಲಿಲ್ಲ. ಪರೀಕ್ಷೆಗೆ ಮೂರು ದಿನದ ನೋಟಿಸ್ ಕಡ್ಡಾಯ. ಉಗ್ರಾಣದ ಬಾಗಿಲು ತೆರೆದು ಲಾರಿ ಹೊರಡುವುದಕ್ಕೆ ಯಾವ ನೋಟಿಸೂ ಬೇಕಿಲ್ಲ.